ತಾಳದ ಕಲ್ಲಿನ ಮೇಲೆ ಪುನುಗು ಬೆಕ್ಕು

ಒಂದು ಕಾಡಿನಲ್ಲಿ ಪ್ರಾಣಿಗಳೇ ಕಟ್ಟಿಕೊಂಡ ದೊಡ್ಡ ಪಟ್ಟಣವೊಂದಿತ್ತು. ಒಂದರ ಮೇಲೊಂದು ಗೂಡು, ಒಂದರ ಪಕ್ಕ ಇನ್ನೊಂದು ಬಿಲ. ಮೇಲಿನ ಮನೆಯವರು ಹಣ್ಣು ತಿಂದರೆ ಕೆಳಗಿನ ಮನೆಯವರ ತಲೆಯ ಮೇಲೆ ಓಟೆ ಬೀಳುತ್ತಿತ್ತು. ಬೆಳಗಾದರೆ ಜಗಳ. ಅಂಥ ಪಟ್ಟಣದಲ್ಲಿ ಎಲ್ಲರೂ ಜಗಳ ಮರೆತು ಕೂರುತ್ತಿದ್ದ ಜಾಗ ಒಂದೇ ಒಂದು. ಅದು ನಡುಪಟ್ಟಣದ ಪಾರ್ಕು.

ಪಾರ್ಕು ಅಂದರೆ ಆಗಿನ ಪಾರ್ಕು! ಬೇಲಿ ಇಲ್ಲ, ಗೇಟಿಲ್ಲ, ಶಿಳ್ಳೆ ಊದಿ ಓಡಿಸುವವರಿಲ್ಲ. ಒಂದು ಕೊಳ, ಕೊಳದ ಪಕ್ಕ ದುಂಡು ಕಟ್ಟೆ, ಕಟ್ಟೆಗೆ ಒರಗಿದ ಹಾಗೆ ಹಳೇ ಟೊಳ್ಳು ಮಾವಿನ ಮರ. ಭಾನುವಾರ ಬಿಸಿಲು ಇಳಿಯಿತು ಅಂದರೆ ಕಟ್ಟೆಯ ಮೇಲೆ ಹಾಡು ಶುರು. ಮೊಲದ ಮನೆಯವರು ಹದಿನಾರು ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಿದ್ದರು. ಮುಳ್ಳುಹಂದಿ ಬಂದರೆ ಸುತ್ತ ನಾಲ್ಕು ಮೊಳ ಜಾಗ ಬಿಡುತ್ತಿದ್ದರು, ಮರ್ಯಾದೆಗಲ್ಲ, ಮುಳ್ಳಿಗೆ. ಅಳಿಲು ಗಂಗಮ್ಮ ಹುರಿದ ಕಡಲೆಕಾಯಿ ಬುಟ್ಟಿ ಹೊತ್ತು ಹುಲ್ಲಿನ ಮೇಲೆ ಓಡಾಡುತ್ತಿದ್ದಳು. ಹಾಡು ನಡೆಯುವಾಗ ಸಿಪ್ಪೆ ಒಡೆಯಬಾರದು ಅನ್ನುವುದು ಅವಳದೇ ಕಾನೂನು. ಎಷ್ಟೋ ಮದುವೆಗಳು ಆ ಹುಲ್ಲಿನ ಮೇಲೇ ಕುದುರಿದವು. ಎರಡು ಮುರಿದವು ಕೂಡ. ಗೀಜಗನ ಹೆಂಡತಿ ಯಾರ ಪಕ್ಕ ಕೂತಿದ್ದಳು ಅನ್ನುವುದು ಪಟ್ಟಣಕ್ಕೆಲ್ಲ ಗೊತ್ತು. ಮಕ್ಕಳು ಕೇಳುವ ಕಥೆಯಲ್ಲಿ ಅದು ಬೇಡ ಬಿಡಿ.

ಹಾಡುತ್ತಿದ್ದವಳು ಪಿಕಳಾರ ಹಕ್ಕಿ ಚೆಲುವಮ್ಮ. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದಂಥ ಕೆಂಪು. ಬಾರಿಸುತ್ತಿದ್ದವನು ಮರಕುಟಿಗ ಮುನಿಶಾಮಿ. ಟೊಳ್ಳು ಮಾವಿನ ಮರವೇ ಅವನ ಮೃದಂಗ. ಕೊಕ್ಕಿನಲ್ಲಿ ಮೆಲ್ಲಗೆ ಮುಟ್ಟಿದರೆ ಒಂದು ನಾದ, ಬಿಗಿದು ಹೊಡೆದರೆ ಇನ್ನೊಂದು. ಬೇರಿನ ತುದಿಯವರೆಗೂ ಗುಂಯ್ ಅನ್ನುತ್ತಿತ್ತು.

ಇವರಿಬ್ಬರನ್ನು ಎಲ್ಲರೂ ಹೊಗಳುತ್ತಿದ್ದರು. ಯಾರೂ ಹೊಗಳದ ಮೂರನೆಯವನೊಬ್ಬನಿದ್ದ. ಅವನೇ ಆಮೆ ಈರಜ್ಜ.

ಕಟ್ಟೆಗೆ ತಗಲಿದ ಹಾಗೆ ಮುಂದುಗಡೆ ಒಂದು ಚಪ್ಪಟೆ ಕಲ್ಲಿತ್ತು. ಈರಜ್ಜ ಅದರ ಮೇಲೆ ಹೊಟ್ಟೆ ಒತ್ತಿ ಕೂತು, ಬಲಗಾಲಿನಲ್ಲಿ ತಾಳ ಹಾಕುತ್ತಿದ್ದ. ಟಪ್. ಆಮೇಲೆ ಎಣಿಕೆ. ಮತ್ತೆ ಟಪ್. ಅವನಿಗೆ ಆತುರವೇ ಇರಲಿಲ್ಲ. ತಾಳ ಅಂದರೂ ಅದೇ ತಾನೆ, ಆತುರ ಪಡದೆ ಇರುವುದು. ಅವನು ಕುಟ್ಟಿ ಕುಟ್ಟಿ ಕಲ್ಲಿನಲ್ಲಿ ಬಟ್ಟಲಿನಷ್ಟು ಗುಳಿ ಬಿದ್ದಿತ್ತು. ಮಳೆ ಬಂದ ಮರುದಿನ ಗುಬ್ಬಿಗಳು ಅದರಲ್ಲೇ ನೀರು ಕುಡಿಯುತ್ತಿದ್ದವು.

ಚೆಲುವಮ್ಮ ಚಿಕ್ಕವಳಿದ್ದಾಗ, ಮೊದಲ ಸಲ ಕಟ್ಟೆ ಹತ್ತಿದ ದಿನ, ನಡುವೆ ತಾಳ ತಪ್ಪಿ ಹೆದರಿ ಹಾರಿಹೋಗಲು ರೆಕ್ಕೆ ಬಿಚ್ಚಿದ್ದಳು. ಆಗ ಈರಜ್ಜ ಕಲ್ಲು ಕುಟ್ಟಿ, "ಇಲ್ಲಿದೆ ನೋಡು ಮಗಾ, ಎಲ್ಲಿಗೂ ಹೋಗಿಲ್ಲ" ಅಂದಿದ್ದ. ಅವಳು ಆ ಟಪ್ ಹಿಡಿದು ವಾಪಸು ಬಂದಳು. ಆವತ್ತಿನಿಂದ ಈರಜ್ಜನ ಕಾಲು ಕಲ್ಲಿಗೆ ಬೀಳದೆ ಅವಳು ಬಾಯಿ ತೆರೆದವಳಲ್ಲ. ಊರ ಬಾಯಿಗೆ ಮುಚ್ಚಳ ಉಂಟೇ? ಆಮೆಗೂ ಪಿಕಳಾರಕ್ಕೂ ಏನೋ ಇದೆಯಂತೆ ಅಂತ ಕೆಲವರು ಪಿಸುಗುಟ್ಟಿದರು. ಅವಳಿಗೆ ಗೂಡು ಮರದ ಮೇಲೆ, ಇವನಿಗೆ ಮನೆ ಬೆನ್ನ ಮೇಲೆ, ಸಂಸಾರ ಎಲ್ಲಿ ಮಾಡುತ್ತಾರೆ ಅಂತ ಮಾತ್ರ ಯಾರೂ ಯೋಚಿಸಲಿಲ್ಲ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಹಾಡಿನ ನಡುವೆ ಮುನಿಶಾಮಿ ಒಬ್ಬನೇ ಬಾರಿಸುವ ಹೊತ್ತು ಬರುತ್ತಿತ್ತು. ಆಗ ಚೆಲುವಮ್ಮ, "ಅಜ್ಜಾ, ತಾಳ ನಿಮ್ಮದು" ಅಂದು ಗಂಟಲಿಗೆ ನೀರು ಹಾಕಿಕೊಳ್ಳಲು ಕೂರುತ್ತಿದ್ದಳು. ಮುನಿಶಾಮಿ ಎಲ್ಲೆಲ್ಲೋ ಸುತ್ತಾಡಿ, ಮರ ಹತ್ತಿ ಮರ ಇಳಿದು, ಕೊನೆಗೆ ಸರಿಯಾಗಿ ಈರಜ್ಜನ ಟಪ್ ಮೇಲೇ ಬಂದು ನಿಲ್ಲುತ್ತಿದ್ದ. ಆಗ ಹುಲ್ಲಿನ ಮೇಲೆ ಕೂತವರೆಲ್ಲ "ಹೋ!" ಅನ್ನುತ್ತಿದ್ದರು. ಆ "ಹೋ" ಈಗ ಎಲ್ಲಿ ಕೇಳಬೇಕು?

ವಯಸ್ಸಾದಂತೆ ಈರಜ್ಜನ ಕಿವಿ ಮಂದವಾಯಿತು. ಆದರೂ ಭಾನುವಾರ ತಪ್ಪಿಸಲಿಲ್ಲ. "ಹಾಡು ಕಟ್ಟೆಯಿಂದ ಕಲ್ಲಿಗಿಳಿದು, ಕಲ್ಲಿನಿಂದ ನನ್ನ ಹೊಟ್ಟೆಗೆ ಬರುತ್ತೆ. ಕಿವಿ ಯಾಕೆ?" ಅನ್ನುತ್ತಿದ್ದ. ಆ ಕಲ್ಲೊಂದು ಇಲ್ಲದಿದ್ದರೆ ಅವನ ಪಾಲಿಗೆ ಹಾಡೇ ಇಲ್ಲ.

ಹೀಗಿರುವಾಗ ಪಟ್ಟಣಕ್ಕೆ ಪುನುಗು ಬೆಕ್ಕು ಪರಿಮಳಯ್ಯ ಬಂದ. ಕಾಫಿ ತೋಟದ ಕಡೆಯಿಂದ ಬಂದೆ ಅನ್ನುತ್ತಿದ್ದ. ಬಂದನೋ, ಓಡಿಸಿದರೋ, ಅದು ಬೇರೆ ಮಾತು. ಪುನುಗಿನ ಜಾತಿಗೆ ಬಾಲದ ಕೆಳಗೊಂದು ಚೀಲ ಇರುತ್ತದೆ. ಅದರಿಂದ ಚೂರು ತೆಗೆದು ಕಿವಿಯ ಹಿಂದೆ ಸವರಿಕೊಂಡರೆ ಘಮಘಮ. ಪರಿಮಳಯ್ಯ ಬೆಳಿಗ್ಗೆ ಸಂಜೆ ಸವರಿಕೊಂಡು, ಮೀಸೆ ನೀವಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ನಮಸ್ಕಾರ ಮಾಡಿಕೊಂಡು ಓಡಾಡುತ್ತಿದ್ದ. ಇಷ್ಟು ಘಮಘಮ ಅನ್ನುವವನು ದೊಡ್ಡ ಮನುಷ್ಯನೇ ಇರಬೇಕು ಅಂದುಕೊಂಡರು ಪೆದ್ದು ಪ್ರಾಣಿಗಳು.

ಅವನಿಗೆ ಹಾಡಿನ ಗಂಧವೂ ಇರಲಿಲ್ಲ. ಮೈ ತುಂಬ ಬೇರೆ ಗಂಧವೇ. ಮನೆಯಲ್ಲಿ ಪಕ್ಕದ ಗೂಡಿನ ಹಕ್ಕಿ ಹಾಡಿದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾನೆ ಅಂತ ಅವನ ಹೆಂಡತಿಯೇ ಗಂಗಮ್ಮನ ಹತ್ತಿರ ಹೇಳಿದ್ದಳು. ಮತ್ತೆ ಪಾರ್ಕಿಗೆ ಯಾಕೆ ಬಂದ? ಕಾರಣ ಇತ್ತು. ಪಟ್ಟಣದ ಯಜಮಾನ ಆನೆ ದೊಡ್ಡಯ್ಯ. ಆ ಪಟ್ಟಣದಲ್ಲಿ ಇನ್ನೂ ಆರು ಪಾರ್ಕುಗಳಿದ್ದವು. ಏಳಕ್ಕೂ ಸೇರಿಸಿ ಒಬ್ಬ ಕಲೆ ಬಲ್ಲವನನ್ನು ಮೇಲ್ವಿಚಾರಕನಾಗಿ ನೇಮಿಸುತ್ತೇನೆ ಅಂತ ದೊಡ್ಡಯ್ಯ ಸಾರಿದ್ದ. ಪರಿಮಳಯ್ಯನ ಮೂಗು ಆ ಕುರ್ಚಿಯ ವಾಸನೆ ಹಿಡಿದಿತ್ತು.

ಮೊದಲ ವಾರ ಹಿಂದೆ ಕೂತ. ಎರಡನೆಯ ವಾರ ನಡುವೆ ಕೂತ. ಚೆಲುವಮ್ಮ ಉಸಿರು ತೆಗೆದುಕೊಂಡಾಗ "ಆಹಾ!" ಅಂದ. ಕೆಮ್ಮಿದಾಗಲೂ "ಭಲೇ!" ಅಂದ. ಮೂರನೆಯ ವಾರ 'ಪಾರ್ಕು ಕಲಾ ಸಮಿತಿ' ಅಂತ ಒಂದನ್ನು ಮಾಡಿ ತಾನೇ ಅಧ್ಯಕ್ಷನಾದ. ಯಾರು ಆರಿಸಿದರು ಅಂತ ಇವತ್ತಿಗೂ ಗೊತ್ತಿಲ್ಲ. ನಾಲ್ಕನೆಯ ವಾರ ಕಟ್ಟೆಯ ಮುಂದೆ ಬಳ್ಳಿಯ ಹಗ್ಗ ಕಟ್ಟಿಸಿದ. ಚಪ್ಪಟೆ ಕಲ್ಲಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಅಜ್ಜಾ, ಏಳಿ. ಇದು ಇನ್ನು ಮೇಲೆ ಗಣ್ಯರ ಸಾಲು."

"ಏನಪ್ಪಾ?" ಅಂದ ಈರಜ್ಜ ಕತ್ತು ಚಾಚಿ. "ಹಣ್ಣಿನ ಸಾಲಾ?"

"ಗಣ್ಯರು, ಗಣ್ಯರು! ದೊಡ್ಡವರು!"

"ನನಗಿಂತ ದೊಡ್ಡವರು ಈ ಕೊಳದ ಸುತ್ತ ಯಾರಿದ್ದಾರಪ್ಪ? ನಿಮ್ಮ ತಾತ ಹುಟ್ಟಿದಾಗ ನನಗೆ ಮೊಮ್ಮಕ್ಕಳಿದ್ದರು."

ಸುತ್ತ ಕೂತವರು ಕಿಸಕ್ಕೆಂದರು. ಪರಿಮಳಯ್ಯನ ಮೀಸೆ ನಡುಗಿತು. ಆದರೆ ದನಿಗೆ ಬೆಣ್ಣೆ ಸವರಿಕೊಂಡ.

"ತಪ್ಪು ತಿಳೀಬೇಡಿ ಅಜ್ಜ. ನಾಳೆ ದೊಡ್ಡಯ್ಯನಂಥವರು ಬರ್ತಾರೆ. ಅವರ ಮುಂದೆ ಟಪ್ ಟಪ್ ಅಂತ ಕಾಲು ಕುಟ್ಟಿದರೆ ಅಸಹ್ಯ ಅಲ್ವೇ? ಹಿಂದೆ ನಿಮಗೆ ಒಳ್ಳೇ ತಂಪು ಜಾಗ ಮಾಡಿಸಿದ್ದೀನಿ."

ತಂಪು ಜಾಗ ಯಾವುದು ಗೊತ್ತೇ? ಹುಲ್ಲಿನ ಕಟ್ಟಕಡೆ, ತರಗೆಲೆ ಗುಂಡಿಯ ಪಕ್ಕ. ಚೆಲುವಮ್ಮನೂ ಮುನಿಶಾಮಿಯೂ ಇನ್ನೂ ಬಂದಿರಲಿಲ್ಲ. ಬಂದಿದ್ದವರಲ್ಲಿ ಒಬ್ಬರಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ಮೊಲದವರು ಮಕ್ಕಳ ಮೂಗು ಒರೆಸಿದರು. ಮುಳ್ಳುಹಂದಿ ಆಕಾಶ ನೋಡಿತು. ಈರಜ್ಜ ಕಲ್ಲಿನಿಂದ ಇಳಿದ. ಒಂದೊಂದೇ ಹೆಜ್ಜೆ ಇಟ್ಟು ಹಿಂದಕ್ಕೆ ಹೋಗಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಕಲ್ಲಿನ ಗುಳಿಗೆ ಪಾಚಿ ತುಂಬಿಸಿ, ಮೇಲೆ ಮೆತ್ತೆ ಹಾಸಿ ಪರಿಮಳಯ್ಯ ಕೂತ.

ಚೆಲುವಮ್ಮ ಬಂದು ಕಟ್ಟೆ ಹತ್ತಿ ಕಲ್ಲಿನ ಕಡೆ ನೋಡಿದಳು. ಈರಜ್ಜ ಇಲ್ಲ. ಮೀಸೆಯೊಂದು ಕೂತಿದೆ. "ಅಜ್ಜ ಎಲ್ಲಿ?" ಅಂದಳು. "ಮೈ ಸರಿಯಿಲ್ಲವಂತೆ, ಹಿಂದೆ ಕೂತಿದ್ದಾರೆ. ಹಾಡಿ, ಹಾಡಿ" ಅಂದ ಪರಿಮಳಯ್ಯ. ಮೊದಲ ಸಲ ಅಜ್ಜನ ಟಪ್ ಇಲ್ಲದೆ ಅವಳು ಹಾಡಿದಳು. ಇವನು ಬೇಕಾದ ಕಡೆಯೆಲ್ಲ ತಲೆ ಆಡಿಸಿದ. ಅವಳು ಕಣ್ಣು ಬಿಟ್ಟರೆ ಅದೇ ತಲೆ, ಹಿಂದಕ್ಕೂ ಮುಂದಕ್ಕೂ. ಎರಡನೆಯ ಹಾಡಿಗೆ ತಾಳ ತಪ್ಪಿತು. ನಲವತ್ತು ವಸಂತ ಹಾಡಿದವಳು ನಡುವೆಯೇ ನಿಲ್ಲಿಸಿ ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡಳು.

ಪರಿಮಳಯ್ಯ ಸುಮ್ಮನಿರುತ್ತಾನೆಯೇ? ಮನೆಮನೆಗೂ ಹೋಗಿ ಹೇಳಿದ. "ಚೆಲುವಮ್ಮನಿಗೆ ವಯಸ್ಸಾಯ್ತು ಕಣ್ರೀ. ತಾಳ ತಪ್ಪಿದ್ದು ನಿಮಗ್ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯ್ತು. ಮುಂದಿನ ಭಾನುವಾರ ದೊಡ್ಡಯ್ಯನವರು ಬರ್ತಾರೆ. ಅದೇ ಚೆಲುವಮ್ಮನ ಕೊನೇ ಹಾಡು. ಆಮೇಲೆ ನನ್ನ ಭಾಮೈದ ಹಾಡ್ತಾನೆ." ಭಾಮೈದನ ದನಿ ಕೇಳಿದವರಿದ್ದರು. ಬಾಗಿಲ ಕೀಲಿಗೆ ಎಣ್ಣೆ ಹಾಕದಿದ್ದರೆ ಹೇಗೆ ಕೇಳುತ್ತದೋ ಹಾಗೆ. ಆದರೂ ಎಲ್ಲರೂ ತಲೆ ಆಡಿಸಿ ಬಾಗಿಲು ಹಾಕಿಕೊಂಡರು.

ಶನಿವಾರ ಸಂಜೆ ಗಂಗಮ್ಮ ಚೆಲುವಮ್ಮನ ಗೂಡಿಗೆ ಹೋದಳು. ಮುನಿಶಾಮಿ ಆಗಲೇ ಬಂದು ಕೊಂಬೆಯ ಮೇಲೆ ಸಪ್ಪಗೆ ಕೂತಿದ್ದ.

"ನಾಳೆ ನಾನು ಹಾಡಲ್ಲ ಕಣೇ ಗಂಗಾ" ಅಂದಳು ಚೆಲುವಮ್ಮ. "ನನ್ನ ದನಿ ಹೋಯ್ತು."

"ದನಿ ಹೋಗಿಲ್ಲ ಅಕ್ಕಾ, ಕಲ್ಲು ಹೋಗಿದೆ" ಅಂದಳು ಗಂಗಮ್ಮ. "ಅಜ್ಜನಿಗೆ ಮೈ ಸರಿಯಿಲ್ಲ ಅಂದನಲ್ಲ ಆ ಸೆಂಟು ಬುಡ್ಡಿ, ಸುಳ್ಳು. ಅವನೇ ಎಬ್ಬಿಸಿ ಓಡಿಸಿದ್ದು. ನಾನೂ ನೋಡಿಕೊಂಡು ಸುಮ್ಮನಿದ್ದೆ, ನನ್ನ ಬಾಯಿಗೆ ಕಡಲೆಕಾಯಿ ಸಿಪ್ಪೆ ಹಾಕ."

ಚೆಲುವಮ್ಮನ ಜುಟ್ಟು ನೆಟ್ಟಗಾಯಿತು.

"ಇನ್ನೊಂದು ಕೇಳು. ಆ ಗುಂಡಿಯ ಪಕ್ಕ ಮಾವಿನ ಮರದ ಬೇರೊಂದು ಮೇಲೆದ್ದಿದೆ. ಅಜ್ಜ ಅದಕ್ಕೆ ಹೊಟ್ಟೆ ಒತ್ತಿ ಕೂತಿತ್ತು. ನಿನ್ನ ಹಾಡು ಅಲ್ಲಿಗೆ ಬರಲ್ಲ. ಮುನಿಶಾಮಿ ಹೊಡೆತ ಮಾತ್ರ ಬೇರಿನಲ್ಲಿ ಬರುತ್ತಂತೆ. ಅದನ್ನೇ ಹಿಡಿದು ನೀನು ಹಾಡೋದು ನಿಲ್ಲಿಸುವ ತನಕ ತಾಳ ಹಾಕ್ತಾ ಇತ್ತು. ಹಿಂದೆ ಕೂತ ಇಲಿ, ಮೊಲ, ಓತಿಕೇತ ಎಲ್ಲ ಅಜ್ಜನ ಕಾಲು ನೋಡಿಕೊಂಡು ಎಣಿಸೋರೆ. ಮುಗಿದ ಮೇಲೆ ನನ್ನನ್ನು ಕರೆದು ಕೇಳ್ತು, 'ಚೆಲುವಿ ಚೆನ್ನಾಗಿ ಹಾಡಿದಳಾ?' ಅಂತ."

"ನೀನು ಏನಂದೆ?"

"ಚೆನ್ನಾಗಿ ಹಾಡಿದಳು ಅಂದೆ. ಮತ್ತೇನು ಹೇಳಲಿ?"

ಚೆಲುವಮ್ಮ ಮುನಿಶಾಮಿಯ ಕಡೆ ತಿರುಗಿದಳು. "ಮುನಿಶಾಮಣ್ಣ, ಅವನು ಅದನ್ನು ಕುರ್ಚಿ ಅಂದುಕೊಂಡಿದ್ದಾನೆ. ಅದು ಕುರ್ಚಿ ಅಲ್ಲ ಅಂತ ನಾಳೆ ತೋರಿಸೋಣವಾ?"

ಮುನಿಶಾಮಿ ಕೊಕ್ಕನ್ನು ಕೊಂಬೆಗೆ ಎರಡು ಸಲ ಮಸೆದ. ಅದೇ ಅವನ ಉತ್ತರ.

ಭಾನುವಾರ ಬಂತು. ಆ ಜನ, ಆ ಜಾತ್ರೆ! ಕೊಂಬೆಗಳಲ್ಲಿ ಜಾಗವಿಲ್ಲದೆ ಬಾವಲಿಗಳು ಒಂದರ ಕಾಲಿಗೆ ಒಂದು ನೇತುಬಿದ್ದಿದ್ದವು. ಆನೆ ದೊಡ್ಡಯ್ಯ ಮೆಲ್ಲಗೆ ಬಂದು ಮುಂದಿನ ಸಾಲಿನಲ್ಲಿ ಕೂತ. ಅವನ ಹಿಂದಿನ ಹನ್ನೆರಡು ಸಾಲಿಗೆ ಕಟ್ಟೆಯೇ ಕಾಣದಾಯಿತು. ಪರಿಮಳಯ್ಯ ಅವತ್ತು ಮೂರು ಪಟ್ಟು ಸವರಿಕೊಂಡು ಬಂದಿದ್ದ. ಹಾಡಿಗೆ ಮುಂಚೆ ಭಾಷಣ ಶುರುಮಾಡಿದ. ಎಷ್ಟು ಹೊತ್ತು? ಮೊಲದ ಮರಿಗಳು ಎರಡು ಸಲ ಮಲಗಿ ಎದ್ದವು.

"ಈ ಕಲ್ಲು ಸಾಮಾನ್ಯ ಕಲ್ಲಲ್ಲ ದೊಡ್ಡಯ್ಯನವರೇ" ಅಂದ ಕೊನೆಗೆ. "ಇದು ರಸಿಕರ ಪೀಠ. ಸಂಗೀತ ಬಲ್ಲವನು ಮಾತ್ರ ಇಲ್ಲಿ ಕೂರಬಹುದು. ಅದಕ್ಕೇ ಬೇರೆ ದಾರಿಯಿಲ್ಲದೆ ನಾನು ಕೂತಿದ್ದೇನೆ."

"ಸಂತೋಷ" ಅಂದ ದೊಡ್ಡಯ್ಯ. "ಅಂಥವರೇ ನಮಗೆ ಬೇಕು."

ಚೆಲುವಮ್ಮ ಕಟ್ಟೆ ಹತ್ತಿದಳು. ಕಲ್ಲಿನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ಒಂದು ಪುಟ್ಟ ಹಾಡು ಹಾಡಿದಳು, ಮರಿಗಳಿಗೆ ಹಾಡುವಂಥದ್ದು. ಆಮೇಲೆ ಮುನಿಶಾಮಿ ಒಬ್ಬನೇ ಬಾರಿಸುವ ಹೊತ್ತು ಬಂತು. ಚೆಲುವಮ್ಮ ಕಣ್ಣು ಬಿಟ್ಟು, ರೆಕ್ಕೆ ಜೋಡಿಸಿ, ಪಾರ್ಕಿಗೆಲ್ಲ ಕೇಳುವಂತೆ ಹೇಳಿದಳು.

"ಪರಿಮಳಯ್ಯನವರೇ, ತಾಳ ನಿಮ್ಮದು."

"ನನ್ನದಾ? ಏನು ನನ್ನದು?" ಪರಿಮಳಯ್ಯ ಹಿಂದೆ ತಿರುಗಿ ನೋಡಿದ.

"ಈ ಕಲ್ಲಿನ ಮೇಲೆ ಕೂತವರು ಮುನಿಶಾಮಣ್ಣನಿಗೆ ತಾಳ ಹಾಕಬೇಕು. ನಮ್ಮ ಪಾರ್ಕಿನ ಪದ್ಧತಿ."

"ಓಹೋ, ಅದಾ! ಇವತ್ತು ನನಗೆ ಕೈ ನೋವು."

"ಕಾಲು ಇದೆಯಲ್ಲ, ನಾಲ್ಕಿವೆ" ಅಂದಳು ಹಿಂದಿನಿಂದ ಗಂಗಮ್ಮ.

"ಸಭೆಯಲ್ಲಿ ಕಾಲು ಕುಟ್ಟೋದು ಅಸಹ್ಯ…"

"ಪರವಾಗಿಲ್ಲ, ಹಾಕಿ ಹಾಕಿ" ಅಂದ ದೊಡ್ಡಯ್ಯ. "ಬಲ್ಲವರ ತಾಳ ನೋಡಿ ಬಹಳ ದಿನ ಆಯ್ತು."

ಪರಿಮಳಯ್ಯ ಮೆತ್ತೆಯ ಮೇಲೆ ಕಾಲಿಟ್ಟ. ಮುನಿಶಾಮಿ ಮೆಲ್ಲಗೆ ಶುರುಮಾಡಿದ. ಟಕ್, ಟಕ್. ಪರಿಮಳಯ್ಯನೂ ತಪ್, ತಪ್. ಇಷ್ಟೇ ತಾನೆ ಅಂತ ಮೀಸೆ ತಿರುವಿದ. ಪಾಪ, ಗೊತ್ತಿಲ್ಲದವನು ಮಾಡುವ ತಪ್ಪನ್ನೇ ಮಾಡಿದ. ತಾಳ ಹಾಕುವವನು ತನ್ನ ಎಣಿಕೆ ಬಿಡಬಾರದು, ಮೃದಂಗ ಎಲ್ಲಿಗೆ ಬೇಕಾದರೂ ಓಡಲಿ. ಇವನು ಎಣಿಕೆ ಬಿಟ್ಟು ಮೃದಂಗದ ಹಿಂದೆ ಓಡಿದ.

ಮುನಿಶಾಮಿ ಒಂದಕ್ಕೆ ಎರಡು ಹೊಡೆದ. ಇವನೂ ಎರಡು. ನಾಲ್ಕು ಹೊಡೆದ. ಇವನ ಮುಂಗಾಲು ಎರಡೂ ಬಂದವು. ಎಂಟಾಯಿತು. ಹಿಂಗಾಲೂ ಬಂದವು, ಬಾಲವೂ ಬಂತು. ಮುನಿಶಾಮಿ ಥಟ್ಟನೆ ನಿಲ್ಲಿಸಿದ. ಇವನು ನಿಲ್ಲಿಸಲಾರದೆ ಒಬ್ಬನೇ ಕುಣಿಯುತ್ತಿದ್ದ. ಮತ್ತೆ ಶುರುವಾಯಿತು, ಇವನು ಆಗ ನಿಂತ. ಮೊಲದ ಮರಿಯೊಂದು ಕೇಳಿತು, "ಅಮ್ಮಾ, ಅವರಿಗೆ ಇರುವೆ ಕಚ್ಚಿತಾ?"

ಇಡೀ ಪಾರ್ಕು ಗೊಳ್ಳೆಂದಿತು. "ಮರ ಸರಿಯಿಲ್ಲ! ಮರ ಟೊಳ್ಳು!" ಅಂತ ಕಿರುಚಿದ ಪರಿಮಳಯ್ಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಿರುಚಿದ ರಭಸಕ್ಕೆ ಕಾಲಡಿಯ ಮೆತ್ತೆ ಜಾರಿತು. ಗುಳಿಗೆ ತುಂಬಿಸಿದ್ದ ಪಾಚಿಯ ಮೇಲೆ ಕಾಲಿಟ್ಟು ಅಂಗಾತ ಬಿದ್ದ. ಬಿದ್ದ ಹೆದರಿಕೆಗೆ ಬಾಲದ ಕೆಳಗಿನ ಚೀಲ ಪೂರ್ತಿ ಬಿಚ್ಚಿಕೊಂಡಿತು. ಚೂರು ಸವರಿದರೆ ಪರಿಮಳ ಅಂದೆನಲ್ಲ, ಒಟ್ಟಿಗೆ ಚೆಲ್ಲಿದರೆ ಏನಾಗುತ್ತದೆ ಅಂತ ಅವತ್ತು ಪಟ್ಟಣಕ್ಕೆ ಗೊತ್ತಾಯಿತು. ಮುಂದಿನ ಸಾಲಿನ ಗಣ್ಯರೆಲ್ಲ ಹಗ್ಗ ಹಾರಿ ಓಡಿದರು. ದೊಡ್ಡಯ್ಯನ ಪಾಡು ಕೇಳಬೇಡಿ. ಉದ್ದ ಮೂಗಿನವರಿಗೇ ಉದ್ದ ಕಷ್ಟ. ಸೊಂಡಿಲನ್ನು ಕೊಳದಲ್ಲಿ ಅದ್ದಿಕೊಂಡು ನಿಂತುಬಿಟ್ಟ.

ಆ ಗದ್ದಲದಲ್ಲಿ ಮುನಿಶಾಮಿ ಮಾತ್ರ ಬಾರಿಸುವುದನ್ನು ಬಿಟ್ಟಿರಲಿಲ್ಲ. ಅವನಿಗೆ ಬಂದು ನಿಲ್ಲಲು ಜಾಗ ಬೇಕಿತ್ತು.

ಆಗ ಹಿಂದಿನಿಂದ ಕೇಳಿಸಿತು. ಟಪ್.

ತರಗೆಲೆ ಗುಂಡಿಯ ಪಕ್ಕದಿಂದ. ಗದ್ದಲವೂ ಕೇಳದೆ, ವಾಸನೆಗೂ ಜಗ್ಗದೆ, ಕಣ್ಣು ಮುಚ್ಚಿಕೊಂಡು ಬೇರಿಗೆ ಹೊಟ್ಟೆ ಒತ್ತಿ ಈರಜ್ಜ ತಾಳ ಹಾಕುತ್ತಿದ್ದ. ಅವನ ಪಕ್ಕದ ಇಲಿಗಳು ಬಾಲ ಬಡಿದವು. ಮೊಲದ ಹದಿನಾರು ಮಕ್ಕಳು ಕಾಲು ಬಡಿದವು. ಸಾಲಿನಿಂದ ಸಾಲಿಗೆ ಆ ತಾಳ ಮುಂದೆ ಬಂತು. ಇಡೀ ಹುಲ್ಲುಹಾಸು ಒಂದೇ ಕಾಲಾಗಿ ಕುಟ್ಟಿತು. ಮುನಿಶಾಮಿ ಮರ ಹತ್ತಿ, ಮರ ಇಳಿದು, ನಲವತ್ತು ವಸಂತ ಎಲ್ಲಿ ಬಂದು ನಿಲ್ಲುತ್ತಿದ್ದನೋ ಅಲ್ಲೇ, ಸರಿಯಾಗಿ ಅಜ್ಜನ ಟಪ್ ಮೇಲೆ ಬಂದು ನಿಂತ.

"ಹೋ!" ಅಂದಿತು ಪಾರ್ಕು.

ದೊಡ್ಡಯ್ಯ ಸೊಂಡಿಲನ್ನು ನೀರಿನಿಂದ ತೆಗೆದು, "ಯಾರದು ತಾಳ?" ಅಂತ ಕೇಳಿದ. ಎಲ್ಲರೂ ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದಾರಿಯ ಆ ತುದಿಯಲ್ಲಿ ಆಮೆಯೊಂದು ಕಂಡಿತು. ದೊಡ್ಡಯ್ಯ ತಾನೇ ಹಗ್ಗ ಕಿತ್ತ. ಕಲ್ಲನ್ನು ನೀರು ಚಿಮ್ಮಿ ತೊಳೆದ. ಹೋಗಿ ಎತ್ತಿಕೊಂಡು ಬರಲೇ ಅಂದಾಗ ಚೆಲುವಮ್ಮ ಬೇಡ ಅಂದಳು. "ನಡೆದುಕೊಂಡು ಹೋದವರು ನಡೆದುಕೊಂಡೇ ಬರಲಿ. ನಾವು ಕಾಯೋಣ."

ಈರಜ್ಜ ಬರಲು ಅರ್ಧ ಗಂಟೆ ಹಿಡಿಯಿತು. ಈ ಸಲ ಯಾರೂ ಬೇರೆ ಕಡೆ ನೋಡಲಿಲ್ಲ. ಗಂಗಮ್ಮ ಒಂದು ಸಿಪ್ಪೆಯನ್ನೂ ಒಡೆಯಲಿಲ್ಲ. ಅಜ್ಜ ಕಲ್ಲು ಹತ್ತಿ, ಗುಳಿಯೊಳಗೆ ಕಾಲಿಟ್ಟು, ಕತ್ತು ಚಾಚಿ ಚೆಲುವಮ್ಮನನ್ನು ನೋಡಿದ. "ಮಗಾ, ಹೋದ ವಾರ ಚೆನ್ನಾಗಿ ಹಾಡಿದೆಯಂತೆ?"

"ಇಲ್ಲ ಅಜ್ಜಾ" ಅಂದಳು ಚೆಲುವಮ್ಮ. "ಈಗ ಹಾಡ್ತೀನಿ."

ಟಪ್. ಅವಳು ಬಾಯಿ ತೆರೆದಳು. ಅವತ್ತಿನ ಹಾಡನ್ನು ಕೇಳಿದವರು ಆಮೇಲೆ ಬೇರೆ ಯಾವುದನ್ನೂ ಹಾಡು ಅಂತ ಕರೆಯಲಿಲ್ಲ.

ಪರಿಮಳಯ್ಯ ಅವತ್ತೇ ಊರು ಬಿಟ್ಟ. ಆಮೇಲೆ ಯಾವುದೋ ಊರಿನಲ್ಲಿ ಚಿತ್ರಕಲಾ ಸಮಿತಿಯ ಅಧ್ಯಕ್ಷನಾದನಂತೆ. ಚಿತ್ರಕ್ಕೆ ತಾಳ ಹಾಕು ಅಂತ ಯಾರೂ ಕೇಳುವುದಿಲ್ಲವಲ್ಲ.

ಈರಜ್ಜ ಈಗಿಲ್ಲ, ಚೆಲುವಮ್ಮನೂ ಇಲ್ಲ. ಕಟ್ಟೆಯ ಮೇಲೆ ಅವಳ ಮೊಮ್ಮಗಳು ಹಾಡುತ್ತಾಳೆ. ಎಷ್ಟೇ ಜನ ಸೇರಿದರೂ ಆ ಕಲ್ಲಿನ ಮೇಲೆ ಮಾತ್ರ ಯಾರೂ ಕೂರುವುದಿಲ್ಲ. ಹಾಡು ಶುರುವಾಗುವ ಮುಂಚೆ ಅವಳೊಮ್ಮೆ ಆ ಗುಳಿಯ ಕಡೆ ನೋಡಿ, ಒಂದು ಟಪ್‌ನಷ್ಟು ಹೊತ್ತು ಕಾಯುತ್ತಾಳೆ.

ನೀತಿ: ಮುಂದಿನ ಜಾಗ ಮೆರೆಯುವುದಕ್ಕಲ್ಲ, ಕೆಲಸಕ್ಕೆ. ಕೆಲಸ ತಿಳಿಯದೆ ಮೋಸದಿಂದ ಜಾಗ ಹಿಡಿದವನನ್ನು ಆ ಜಾಗವೇ ಬಯಲಿಗೆ ಎಳೆಯುತ್ತದೆ.